ಉಪ್ಪಿಲ್ಲದ ಹದಿನೆಂಟು ದಿನ

ನನ್ನ ತಂಗಿ ನೀಲಾಂಬಿಕೆಯನ್ನು ನಮ್ಮ ಬೀದಿಯವರು ಅಂಗೈಯಲ್ಲಿಟ್ಟು ನೋಡಿಕೊಂಡರು ಎಂದು ಯಾರಾದರೂ ನಿಮ್ಮ ಹತ್ತಿರ ಹೇಳಿದರೆ, ಹೇಳಿದವರ ಮುಖಕ್ಕೆ ಒಂದು ಚೊಂಬು ನೀರೆರಚಿ. ಯಾಕೆ ಎಂದು ಕೇಳಿದರೆ ನನ್ನ ಹೆಸರು ಹೇಳಿ. ಮೇಲಿನ ಬೀದಿಯ ಹೊಲಿಗೆ ದಾಕ್ಷಾಯಣಿ. ಅವರಿಗೆ ಅರ್ಥವಾಗುತ್ತದೆ. ನಾನು ಬಾಯಿ ಜೋರಿನವಳು ಎಂದು ಊರಿಗೆಲ್ಲ ಗೊತ್ತು. ಬಾಯಿ ಬಿಡಬೇಕಾಗಿದ್ದ ಕಾಲದಲ್ಲಿ ಹೊಲಿಗೆ ಮಿಷನ್ನಿನ ಮುಂದೆ ತಲೆ ತಗ್ಗಿಸಿ ಕೂತಿದ್ದೆ ಎಂಬುದು ನನಗೆ ಮಾತ್ರ ಗೊತ್ತು. ಅದನ್ನೂ ಹೇಳುತ್ತೇನೆ, ಬಿಡುವುದಿಲ್ಲ.

ನಮ್ಮೂರಲ್ಲಿ ಹೊತ್ತು ಮುಳುಗಿದರೆ ಮನುಷ್ಯರ ಮೈ ಬೆಳಗುತ್ತದೆ. ಮನಸ್ಸು ಎಷ್ಟು ಹಗುರವೋ ಅಷ್ಟು ಬೆಳಕು. ಸಾಧಾರಣ ದಿನ ಕಳೆದವರಿಗೆ ಸಾಧಾರಣ ಬೆಳಕು, ತಟ್ಟೆಯಲ್ಲಿ ಏನಿದೆ ಎಂದು ಕಾಣುವಷ್ಟು. ದುಃಖಕ್ಕೆ, ಪಶ್ಚಾತ್ತಾಪಕ್ಕೆ, ಸಿಟ್ಟಿಗೆ ಬೆಳಕಿಲ್ಲ. ಹೆಣ್ಣು ನೋಡುವ ಶಾಸ್ತ್ರವನ್ನು ನಮ್ಮಲ್ಲಿ ಸಂಜೆಯೇ ಇಟ್ಟುಕೊಳ್ಳುವುದು. ಹುಡುಗಿಗೆ ಒಪ್ಪಿಗೆಯೋ ಇಲ್ಲವೋ ಎಂದು ಯಾರೂ ಕೇಳಬೇಕಾಗಿಲ್ಲ. ಕಳ್ಳತನಕ್ಕೆ ಹೊರಡುವವನು ಮೊದಲು ಮನಸಾರೆ ಅತ್ತು ಹೊರಡಬೇಕು. ಸರ್ಕಾರದವರು ಯಾವ ಕಾಲದಲ್ಲೋ ಕರೆಂಟಿನ ಕಂಬ ನೆಟ್ಟು ಹೋದರು. ತಂತಿ ಬರಲಿಲ್ಲ, ನಾವೂ ಕೇಳಲಿಲ್ಲ, ಕಂಬಕ್ಕೆ ಎಮ್ಮೆ ಕಟ್ಟುತ್ತೇವೆ. ಮನೆಯಲ್ಲಿ ಎಣ್ಣೆದೀಪ ಹಚ್ಚಿದರೆ ಮಾನ ಹೋದಂತೆ. ಆ ಮನೆಯಲ್ಲಿ ಒಬ್ಬರಿಗೂ ಸುಖವಿಲ್ಲ ಎಂದು ಬೀದಿಯೆಲ್ಲ ಗುಸುಗುಸು ಶುರುವಾಗುತ್ತದೆ.

ನೀಲಾ ಅಂಗಡಿಗಳ ಬೋರ್ಡು ಬರೆಯುವವಳು. ಅವಳ ಅಕ್ಷರ ನೋಡಬೇಕಿತ್ತು ನೀವು. ‘ಳ’ ಬರೆದರೆ ಮುಟ್ಟಿ ನೋಡೋಣ ಅನ್ನಿಸುತ್ತಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮಾಘ ಮಾಸದ ಒಂದು ಸಂಜೆ, ಅವಳು ಬ್ರಷ್ಷು ತೊಳೆಯುತ್ತ ಬಾಗಿಲಲ್ಲಿ ನಿಂತಿದ್ದಾಗ ನಮ್ಮ ಬೀದಿ ಈ ತುದಿಯಿಂದ ಆ ತುದಿಯವರೆಗೆ ಹಗಲಾಯಿತು. ಜನ ಊಟ ಬಿಟ್ಟು ಹೊರಗೆ ಬಂದರು. ಒಬ್ಬಳಿಂದ ಅಷ್ಟು ಬೆಳಕು! ಕೆಳಗಿನ ಬೀದಿಯವರು ಬಂದು ಬಾಯಿ ಬಿಟ್ಟುಕೊಂಡು ನೋಡಿ ಹೋದರು. ಮಾರನೆಯ ದಿನವೇ ಬೀದಿ ಸಮಿತಿಯ ಅಧ್ಯಕ್ಷ ಪಂಚಾಕ್ಷರಪ್ಪ, ದಿನಸಿ ಅಂಗಡಿಯವರು, ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಅವಳಿಗೆ ಶಾಲು ಹೊದಿಸಿ ‘ಬೀದಿದೀಪ’ ಎಂದು ಬಿರುದು ಕೊಟ್ಟರು. ಬೀದಿ ಕೂಡುವಲ್ಲಿ ಒಂದು ಕಟ್ಟೆ ಕಟ್ಟಿಸಿ, ಅದರ ಮೇಲೆ ಕುರ್ಚಿ ಇಟ್ಟು ಅವಳನ್ನು ಕೂರಿಸಿದರು.

ಹನ್ನೊಂದು ದಿನ ಅವಳು ನಿದ್ದೆ ಮಾಡಲಿಲ್ಲ. ಹಗಲು ಬೀದಿಯ ಬಾಗಿಲುಗಳಿಗೆಲ್ಲ ಬಣ್ಣ ಬಳಿದಳು, ಕೇಳದವರ ಬಾಗಿಲಿಗೂ ಬಳಿದಳು, ಎಮ್ಮೆಯ ಹೊಟ್ಟೆಯ ಮೇಲೆ ಯಜಮಾನನ ಹೆಸರು ಬರೆದಳು. ಅಮ್ಮನ ಬಳೆಗಳನ್ನು ದಾರಿಯಲ್ಲಿ ಸಿಕ್ಕವರ ಕೈಗೆ ತೊಡಿಸಿದಳು. ಮಾತಾಡಿ ಮಾತಾಡಿ ಗಂಟಲು ಒಡೆದು ರಕ್ತ ಬಂತು. ಮಲಗಿಸಿ ಅವಳನ್ನ ಎಂದು ಒಬ್ಬರು, ಒಬ್ಬರಾದರೂ ಹೇಳಿದರೇ? ತೂಕಡಿಸಿದಾಗ ಕಾಫಿ ತಂದು ಕೊಟ್ಟರು! ಅವಳ ಬೆಳಕಲ್ಲಿ ಸಂಡಿಗೆ ಇಟ್ಟರು, ಮನೆ ಕಟ್ಟಿದರು, ಎರಡು ಮದುವೆ ಮಾಡಿದರು. ನಾನೂ ಮಿಷನ್ನು ಕಟ್ಟೆಯ ಪಕ್ಕಕ್ಕೆ ತಂದು ಹಾಕಿಕೊಂಡು ಆ ಎರಡು ಮದುವೆಗಳ ರವಿಕೆಯನ್ನೆಲ್ಲ ಹೊಲಿದೆ. ದಾರ ಪೋಣಿಸಲು ಕನ್ನಡಕವೇ ಬೇಕಾಗಲಿಲ್ಲ ಎಂದು ಹೆಮ್ಮೆಪಟ್ಟೆ. ಇದನ್ನು ಹೇಳುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಹನ್ನೆರಡನೆಯ ದಿನ ಅವಳು ಆರಿಹೋದಳು. ಎಂಟು ತಿಂಗಳು ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈಯಲ್ಲಿ ಮಿಣುಕು ಬೆಳಕೂ ಇಲ್ಲ. ಅನ್ನವನ್ನು ಬಾಯಿಗೆ ಇಟ್ಟರೆ ಬಾಯಲ್ಲೇ ಇರುತ್ತಿತ್ತು. ಶಾಲು ಹೊದಿಸಿದವರು ಒಬ್ಬರೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಒಂದು ಮಧ್ಯಾಹ್ನ ಕೆರೆಯಲ್ಲಿ ಕುತ್ತಿಗೆಮಟ್ಟದ ನೀರಿನವರೆಗೆ ಹೋಗಿದ್ದವಳನ್ನು ನಾನು ಜಡೆ ಹಿಡಿದು ದಡಕ್ಕೆ ಎಳೆದೆ. ಎರಡು ವರ್ಷ ಬಿಟ್ಟು ಮತ್ತೆ ಬೆಳಗಿದಳು, ಮತ್ತೆ ಶಾಲು, ಮತ್ತೆ ಕಾಫಿ. ಮತ್ತೆ ಆರಿದಳು, ಮತ್ತೆ ಕೆರೆ. ಆ ಸಲ ನಾನು ಒದ್ದೆ ಸೀರೆಯಲ್ಲೇ ಅವಳನ್ನು ಬಸ್ಸು ಹತ್ತಿಸಿ, ಎರಡು ಗಂಟೆಯ ದಾರಿಯ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನವರ ಮೈ ಬೆಳಗುವುದಿಲ್ಲ. ಬಹುಶಃ ಅದಕ್ಕೇ ಅಲ್ಲಿ ರೋಗಿಯನ್ನು ರೋಗಿ ಅನ್ನುತ್ತಾರೆ.

ಡಾಕ್ಟರ್ ಫಿಲೋಮಿನಾ ಗಿಡ್ಡನೆಯ, ನಿಧಾನ ಮಾತಿನ ಹೆಂಗಸು. ಲಿಥಿಯಂ ಎಂಬ ಲವಣದ ಮಾತ್ರೆ ಬರೆದುಕೊಟ್ಟು ನನಗೆ ತಿಳಿಯುವ ಹಾಗೆ ಹೇಳಿದರು. “ನೋಡಿ ದಾಕ್ಷಾಯಣಿ, ನಿಮ್ಮ ತಂಗಿ ತಲೇಲಿ ಕೋಟಿಗಟ್ಟಲೆ ನರಕೋಶ ಇವೆ. ಒಂದೊಂದಕ್ಕೂ ಗೋಡೆ, ಗೋಡೇಲಿ ಸಣ್ಣ ಸಣ್ಣ ಬಾಗಿಲು. ನಾವು ತಿನ್ನೋ ಉಪ್ಪಿನ ಕಣ ಆ ಬಾಗಿಲಿಂದ ಒಳಗೆ ನುಗ್ಗಿದಾಗ ಕೋಶ ಎಚ್ಚೆತ್ತು ಪಕ್ಕದ ಕೋಶಕ್ಕೆ ಸುದ್ದಿ ದಾಟಿಸುತ್ತೆ. ಇವಳಲ್ಲಿ ಒಂದು ಕಾಲಕ್ಕೆ ಬರೀ ಕೂಗಾಟ, ಇನ್ನೊಂದು ಕಾಲಕ್ಕೆ ಪಿಸುಮಾತೂ ಇಲ್ಲ. ಈ ಲವಣನೂ ಅದೇ ಬಾಗಿಲಿಂದ ಒಳಗೆ ಹೋಗುತ್ತೆ. ಹೋಗೋದು ಸುಲಭ, ಹೊರಗೆ ಬರೋದು ನಿಧಾನ. ಒಳಗೆ ಕೂತು ಕೂಗಾಟ ತಗ್ಗಿಸುತ್ತೆ, ಸೊರಗಿದ ಕೋಶ ಚಿಗುರೋಕೆ ಬಿಡುತ್ತೆ. ಹೇಗೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.” ಗೊತ್ತಿಲ್ಲ ಎಂದ ಡಾಕ್ಟರನ್ನು ನಾನು ಮೊದಲ ಸಲ ನೋಡಿದ್ದು, ಅಲ್ಲೇ ನಂಬಿಕೆ ಬಂತು. ಹೊರಡುವಾಗ ಬೆರಳೆತ್ತಿ ಹೇಳಿದರು: “ನೀರು ಬೇಕಾದಷ್ಟು ಕುಡೀಲಿ. ಹೇಳಿದಾಗ ಬಂದು ರಕ್ತ ಪರೀಕ್ಷೆ ಮಾಡಿಸಿ. ಊಟದ ಉಪ್ಪು ಮಾತ್ರ ಕಮ್ಮಿ ಮಾಡಬೇಡಿ. ಮಾಡಿದ್ರೆ ಕೆಡುತ್ತೆ, ಜ್ಞಾಪಕ ಇರಲಿ.”

ಮೂರು ವರ್ಷ. ಮೂರು ವರ್ಷ ನನ್ನ ತಂಗಿ ಎಲ್ಲರ ಹಾಗೆ ಬದುಕಿದಳು. ಸಂಜೆ ಅವಳ ಮೈಯಲ್ಲಿ ಬೆಳಕು ಇರುತ್ತಿತ್ತು, ಒಂದು ಕೋಣೆಗೆ ಆಗುವಷ್ಟು. “ಅನ್ನ ತಿನ್ನೋಕೆ ಇಷ್ಟು ಸಾಕಲ್ವೇನೇ ಅಕ್ಕ?” ಎಂದು ನಗುತ್ತಿದ್ದಳು. ಸದಾ ಬಾಯಾರಿಕೆ, ಹೋದಲ್ಲೆಲ್ಲ ಕೈಯಲ್ಲಿ ಚೊಂಬು. ಬೆರಳು ಸಣ್ಣಗೆ ನಡುಗುತ್ತಿತ್ತು. ಅದಕ್ಕೂ ಅವಳೇ ಉಪಾಯ ಹುಡುಕಿದಳು. ಬೋರ್ಡಿಗೆ ಅಡ್ಡ ಒಂದು ಕೋಲು ಊರಿ, ಅದರ ಮೇಲೆ ಮಣಿಕಟ್ಟು ಇಟ್ಟು ಬರೆಯುತ್ತಿದ್ದಳು. ಒಂದು ಬೋರ್ಡಿಗೆ ಹಿಂದೆ ಅರ್ಧ ದಿನ ಸಾಕಾಗಿತ್ತು, ಈಗ ಎರಡು ದಿನ. “ಕೈ ನಡುಗಿದ್ರೆ ನಡುಗಲಿ ಬಿಡೇ, ನಾನು ನಡುಗ್ತಾ ಇಲ್ವಲ್ಲ,” ಅನ್ನುತ್ತಿದ್ದಳು.

ಬೀದಿಯವರು ಮಾತ್ರ ಇದನ್ನು ಸಹಿಸಲಿಲ್ಲ. ಮಾತ್ರೆಗೆ ಅವರು ಇಟ್ಟ ಹೆಸರು ‘ಉಪ್ಪು’. ಇನ್ನೂ ಉಪ್ಪು ತಿಂತಿದ್ದಾಳಾ, ಉಪ್ಪು ಯಾವಾಗ ಬಿಡ್ತಾಳೆ, ಉಪ್ಪು ತಿಂದು ನಮ್ಮ ಬೀದಿದೀಪ ಹಾಳಾಯ್ತು. ಪಂಚಾಕ್ಷರಪ್ಪನವರಂತೂ ನನ್ನನ್ನು ಕಂಡಾಗಲೆಲ್ಲ ನಿಟ್ಟುಸಿರು. “ಎಂಥ ಬೆಳಕಮ್ಮ ಅದು! ಕೆಳಗಿನ ಬೀದಿಯೋರು ಈಗ ನಮ್ಮನ್ನ ನೋಡಿ ನಗ್ತಾರೆ.” “ನಗಲಿ ಬಿಡಿ, ನನ್ ತಂಗಿ ಬದುಕಿದ್ದಾಳೆ,” ಎಂದರೆ, “ಅದೂ ಸರಿ ಅನ್ನಿ,” ಎಂದು ಇನ್ನೊಂದು ನಿಟ್ಟುಸಿರು. ಅವರ ಮಗಳ ಮದುವೆ ಕೆಳಗಿನ ಬೀದಿಯ ಹುಡುಗನ ಜೊತೆ ಗೊತ್ತಾಗಿತ್ತು, ಗೋಧೂಳಿ ಲಗ್ನ. ಬೀಗರ ಮುಂದೆ ಕತ್ತಲಲ್ಲಿ ಧಾರೆ ಎರೆಯಬೇಕಲ್ಲ ಎಂಬುದೇ ಅವರಿಗೆ ಚಿಂತೆ.

ಈಗ ನನ್ನ ಪಾಲು ಹೇಳುತ್ತೇನೆ. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಾಗ ಪಕ್ಕದ ಮನೆಯ ಸಿದ್ದಲಿಂಗಮ್ಮ ಕೇಳಿದಳು, ಆ ಮಾತ್ರೆಗೆ ಪಥ್ಯ ಗಿಥ್ಯ ಇಲ್ವೇನ್ರೀ ಎಂದು. ಅವಳು ಖಾನಾವಳಿ ನಡೆಸುವವಳು, ಇಪ್ಪತ್ತು ವರ್ಷದ ಸ್ನೇಹ. ನಾನು ದೊಡ್ಡ ಪಂಡಿತಳ ಹಾಗೆ, “ಪಥ್ಯ ಏನಿಲ್ಲ. ಊಟದ ಉಪ್ಪು ಕಮ್ಮಿಯಾದ್ರೆ ಔಷಧಿ ಕೆಡುತ್ತಂತೆ,” ಅಂದೆ. ಡಾಕ್ಟರು ‘ಕೆಡುತ್ತೆ’ ಅಂದಿದ್ದರು, ಅಷ್ಟೇ. ‘ಔಷಧಿ’ ಎಂದು ಸೇರಿಸಿದವಳು ನಾನು. ನಮ್ಮೂರಲ್ಲಿ ಕೆಡುವುದು ಎಂದರೆ ಆರುವುದು, ಶಕ್ತಿ ಹೋಗುವುದು. ಬೇರೆ ಅರ್ಥವೇ ಯಾರಿಗೂ ಹೊಳೆಯುವುದಿಲ್ಲ. ಸುತ್ತ ಆರು ಹೆಂಗಸರು ಕೊಡ ಹಿಡಿದು ಕೇಳಿಸಿಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಆ ಮಾತು ಪಂಚಾಕ್ಷರಪ್ಪನವರ ಅಂಗಡಿ ಮುಟ್ಟಿತ್ತು.

ಬೇಸಿಗೆಯಲ್ಲಿ ದೂರದ ಊರಲ್ಲಿರುವ ನನ್ನ ಮಗಳಿಗೆ ಹೆರಿಗೆಯಾಯಿತು, ಬಾಣಂತನಕ್ಕೆ ಹೋಗಲೇಬೇಕಿತ್ತು. ಒಂದು ತಿಂಗಳು ನೀಲಾಳ ಊಟ ಸಿದ್ದಲಿಂಗಮ್ಮನ ಖಾನಾವಳಿಯಿಂದ ಎಂದು ಮಾತಾಯಿತು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಅವಳೇ ತಪ್ಪದೆ ತೆಗೆದುಕೊಳ್ಳುತ್ತಾಳೆ, ಊಟ ಮಾತ್ರ ನೋಡಿಕೊಳ್ಳಮ್ಮ ಎಂದು ಸಿದ್ದಲಿಂಗಮ್ಮನ ಕೈ ಹಿಡಿದು ಹೇಳಿದೆ. “ನನ್ ಮಗಳು ಅಂದ್ಕೋತೀನಿ, ಹೋಗ್ಬನ್ನಿ,” ಎಂದಳು. ಹದಿನೇಳನೆಯ ದಿನ ನನಗೊಂದು ಕಾರ್ಡು ಬಂತು. “ಅಕ್ಕ, ಸಿದ್ದಲಿಂಗಮ್ಮ ನನ್ನ ಹೆಸರಲ್ಲಿ ವ್ರತ ಹಿಡಿದಿದ್ದಾಳಂತೆ, ಅದಕ್ಕೆ ಉಪ್ಪಿಲ್ಲದ ಅಡುಗೆ. ನುಂಗೋಕೆ ಆಗಲ್ಲ. ವಾಂತಿ ಬರುತ್ತೆ. ಕೈ ಜಾಸ್ತಿ ನಡುಗುತ್ತೆ. ಬಾ.” ಇಷ್ಟೇ. ಆದರೆ ಅಕ್ಷರ! ನನ್ನ ನೀಲಾಳ ಅಕ್ಷರ ಕಾರ್ಡಿನ ತುಂಬ ಕುಡುಕನ ಹಾಗೆ ತೂರಾಡುತ್ತಿತ್ತು. ಮೊಮ್ಮಗುವನ್ನು ಮಗಳ ಮಡಿಲಿಗೆ ಹಾಕಿ ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ.

ಊರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಬೀದಿಯ ತುಂಬ ಚಪ್ಪರ, ವಾಲಗ. ಕಟ್ಟೆಯ ಮೇಲೆ ಹೂವು ಸುತ್ತಿದ ಕುರ್ಚಿ, ಅದರಲ್ಲಿ ನನ್ನ ತಂಗಿ. ಜರಿ ಸೀರೆ ಉಡಿಸಿದ್ದರು. ತಲೆ ಒಂದು ಕಡೆಗೆ ವಾಲಿತ್ತು, ಎರಡೂ ಕೈ ಕುರ್ಚಿಯ ತೋಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು, ಜೊಲ್ಲು ಸೋರಿ ಸೆರಗು ಒದ್ದೆಯಾಗಿತ್ತು. ಮೈ ಒಂದು ಕ್ಷಣ ಬೆಳಗುವುದು, ಮರುಕ್ಷಣ ಆರುವುದು, ಮತ್ತೆ ಬೆಳಗುವುದು. ಒಂದೊಂದು ಸಲ ಮಿನುಗಿದಾಗಲೂ ಜನ ಚಪ್ಪಾಳೆ ತಟ್ಟುತ್ತಿದ್ದರು. “ಬರ್ತಾ ಇದೆ, ಬರ್ತಾ ಇದೆ! ಉಪ್ಪು ಇಳೀತಾ ಇದೆ!” ಎಂದು ಸಿದ್ದಲಿಂಗಮ್ಮ ಕೂಗುತ್ತಿದ್ದಳು. ಅವಳ ಮೈ ಸಂತೋಷಕ್ಕೆ ಝಗಝಗ ಅನ್ನುತ್ತಿತ್ತು.

ನಾನು ಬ್ಯಾಗು ಎಸೆದು ಓಡಿದೆ. ನೀಲಾ ನನ್ನನ್ನು ನೋಡಿ ಏನೋ ಅಂದಳು, ನಾಲಿಗೆ ಹೊರಳಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ. “ಏನ್ ಮಾಡಿದ್ರೋ ಪಾಪಿಗಳಾ! ಕಣ್ಣು ಹಿಂಗಿಹೋಗಿದ್ಯೇನ್ರೋ ನಿಮಗೆ?” ಎಂದು ಕೂಗಿದೆ. ಪಂಚಾಕ್ಷರಪ್ಪ ರೇಷ್ಮೆ ಪಂಚೆ ಎತ್ತಿಕೊಂಡು ಕಟ್ಟೆ ಹತ್ತಿ ಬಂದು, ಪಿಸುಮಾತಲ್ಲಿ, “ದಾಕ್ಷಾಯಣಮ್ಮ, ಬೀಗರು ನೋಡ್ತಾ ಇದ್ದಾರೆ. ಒಂದೇ ಒಂದು ಗಂಟೆ ತಡೀರಿ ತಾಯಿ, ತಾಳಿ ಕಟ್ಟಿಬಿಡ್ಲಿ. ಈಗ ತಾನೇ ಹತ್ಕೊಳ್ತಾ ಇದೆ,” ಎಂದರು. ಹತ್ಕೊಳ್ತಾ ಇದೆ! ನನ್ನ ತಂಗಿ ಸೌದೆಯೇ? ಅವರ ಎದೆಗೆ ಕೈ ಕೊಟ್ಟು ತಳ್ಳಿದೆ. ಪೇಟ ಸಮೇತ ವಾಲಗದವರ ಮೇಲೆ ಬಿದ್ದರು.

ಮದುಮಗನ ಕಾರು ಚಪ್ಪರದ ಬಾಯಲ್ಲೇ ನಿಂತಿತ್ತು, ಮೇಲೆಲ್ಲ ಸೇವಂತಿಗೆ. ಬಾಡಿಗೆ ಕಾರು, ಡ್ರೈವರು ಹೊರಗಿನವನು, ಮೈಯಲ್ಲಿ ಬೆಳಕಿಲ್ಲದ ಮಧ್ಯವಯಸ್ಸಿನ ಮನುಷ್ಯ. ನಾನು ನೀಲಾಳನ್ನು ಎಳೆದುಕೊಂಡು ಬರುವುದನ್ನು ನೋಡಿ ಅವನೇ ಓಡಿಬಂದು ಇನ್ನೊಂದು ತೋಳು ಹಿಡಿದ. “ಏನಾಗಿದೆ ಅಮ್ಮಾ ಇವ್ರಿಗೆ? ಇಷ್ಟು ಹುಷಾರಿಲ್ದೋರನ್ನ ಯಾಕೆ ಕುರ್ಚಿ ಮೇಲೆ ಕೂರ್ಸಿದ್ದಾರೆ?” ಎಂದು ಕೇಳಿದ. ಇಡೀ ಬೀದಿಯಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬ. ಹಿಂದಿನಿಂದ ಜನ ಕಾರು ಬಿಡಬೇಡಪ್ಪಾ ಎಂದು ಬೊಬ್ಬೆ ಹಾಕುತ್ತಿದ್ದರೂ ಅವನು ತಿರುಗಿ ನೋಡದೆ ಹೊರಟ.

ಆಸ್ಪತ್ರೆಯಲ್ಲಿ ಅವಳ ರಕ್ತವನ್ನು ಯಂತ್ರಕ್ಕೆ ಹರಿಸಿ ಎರಡು ಸಲ ತೊಳೆದರು. ಮೂರು ದಿನ ಪ್ರಜ್ಞೆ ಇರಲಿಲ್ಲ. ಡಾಕ್ಟರ್ ಫಿಲೋಮಿನಾ ನನ್ನ ಮೇಲೆ ಹರಿಹಾಯ್ದರು. “ಉಪ್ಪು ಕಮ್ಮಿ ಮಾಡಬೇಡಿ ಅಂತ ಹೇಳಿದ್ನೋ ಇಲ್ವೋ? ಊಟದಲ್ಲಿ ಉಪ್ಪು ಬರದೇ ಹೋದ್ರೆ ಮೂತ್ರಪಿಂಡ ಈ ಲವಣನೇ ಉಪ್ಪು ಅಂದ್ಕೊಂಡು ಹೊರಗೆ ಬಿಡದೆ ಹಿಡಿದಿಟ್ಕೊಳ್ಳುತ್ತೆ. ಔಷಧಿ ಇಳೀಲಿಲ್ಲ ಕಣ್ರೀ, ಏರಿತು. ನರಕೋಶದ ಒಳಗೆಲ್ಲ ತುಂಬಿಕೊಂಡಿದೆ. ಸಮಾಧಾನ ಮಾಡ್ತಿದ್ದದ್ದೇ ವಿಷ ಆಗಿದೆ.” ನಲ್ಲಿಯ ಹತ್ತಿರ ನಾನು ಅಂದ ಮಾತನ್ನು ಅವರಿಗೆ ಹೇಳಿದೆ. ಅದಕ್ಕೆ ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನೀಲಾ ಉಳಿದಳು. ಆದರೆ ನಡಿಗೆಯನ್ನೂ ಕೈಯ ಹಿಡಿತವನ್ನೂ ನೋಡಿಕೊಳ್ಳುವ ಕೋಶಗಳು ಹಿಂದಲೆಯಲ್ಲಿ ಕೆಲವು ಸತ್ತಿದ್ದವು. ಹೋದವು ಬಹುಶಃ ಬರಲಾರವು ಎಂದರು ಡಾಕ್ಟರು. ಕಾಲು ಅಗಲ ಹಾಕಿ, ಗೋಡೆ ಹಿಡಿದು ನಡೆಯಬೇಕು. ಮಾತು ಎಳೆದೆಳೆದು ಬರುತ್ತದೆ. ಅವಳ ಕೈಗೆ ಪೆನ್ಸಿಲ್ ಕೊಟ್ಟು ಹೆಸರು ಬರೆಯಲು ಹೇಳಿದರು. ‘ನೀ’ ಬರೆಯಲು ಹೋಗಿ ಕಾಗದ ಹರಿಯಿತು. ಅವಳು ಪೆನ್ಸಿಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟು, “ಸಾಕು ಡಾಕ್ಟ್ರೇ,” ಅಂದಳು. ಲಿಥಿಯಂ ಇನ್ನು ಬೇಡವೆಂದು ಬೇರೆ ಮಾತ್ರೆ ಬರೆದರು. ಅದು ಹಿಡಿಯುವುದಕ್ಕೆ ಕಾಲ ಬೇಕು, ನಡುವೆ ನಿದ್ದೆ ಕಮ್ಮಿಯಾದರೆ, ಮೈ ಬೆಳಗಿದರೆ, ಒಂದು ದಿನವೂ ಕಾಯದೆ ಕರೆದುಕೊಂಡು ಬನ್ನಿ ಎಂದು ಎರಡು ಸಲ ಹೇಳಿದರು.

ಊರಿಗೆ ಬಂದ ಒಂಬತ್ತನೆಯ ಸಂಜೆ ಬೀದಿಯವರು ಕ್ಷಮೆ ಕೇಳಲು ಬಂದರು. ಅಷ್ಟು ದಿನ ಬಾಗಿಲಿಗೆ ಬಂದವರನ್ನೆಲ್ಲ ನಾನು ಬಯ್ದು ಕಳಿಸಿದ್ದೆ, ಅದಕ್ಕೆ ಒಟ್ಟಾಗಿ ಬಂದಿದ್ದರು, ಮೂವತ್ತು ನಲವತ್ತು ಜನ. ನಾನು ಹೊಸ್ತಿಲಲ್ಲಿ ಅಡ್ಡ ನಿಂತೆ. ಸಿದ್ದಲಿಂಗಮ್ಮ ಕೈ ಮುಗಿದು, “ಒಳ್ಳೇದಾಗ್ಲಿ ಅಂತಲೇ ಮಾಡಿದ್ದು ದಾಕ್ಷಾಯಣಕ್ಕ. ಅವಳು ಮೊದ್ಲಿನ ಹಾಗೆ ನಗ್ತಾ ಇರ್ಲಿ ಅಂತ. ನನ್ ಕೈಗೆ ಹುಳ ಬೀಳ್ಲಿ,” ಎಂದು ಅತ್ತಳು. ಪಂಚಾಕ್ಷರಪ್ಪ ಟವೆಲನ್ನು ಹೆಗಲಿಂದ ತೆಗೆದು ಕಂಕುಳಿಗೆ ಇಟ್ಟುಕೊಂಡು, “ತಪ್ಪಾಯ್ತಮ್ಮ. ಬೀದಿ ಪರವಾಗಿ ಕೇಳ್ತಾ ಇದ್ದೀನಿ, ದೊಡ್ಡ ತಪ್ಪಾಯ್ತು,” ಎಂದು ತಲೆ ತಗ್ಗಿಸಿದರು. ನನ್ನ ಕರುಳೂ ಕಲ್ಲಲ್ಲವಲ್ಲ. ನಲ್ಲಿಯ ಹತ್ತಿರ ಆ ಮಾತು ಆಡಿದವಳು ನಾನೇ ಅಲ್ಲವೇ, ಇವರನ್ನು ಎಷ್ಟೆಂದು ಬಯ್ಯಲಿ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ನೋಡಿದೆ. ಪಂಚಾಕ್ಷರಪ್ಪನ ಬೋಳುತಲೆ ಬೆಳಗುತ್ತಿತ್ತು. ಸಿದ್ದಲಿಂಗಮ್ಮನ ಕೆನ್ನೆಯ ಮೇಲಿನ ಕಣ್ಣೀರು ಅವಳದೇ ಬೆಳಕಿಗೆ ಹೊಳೆಯುತ್ತಿತ್ತು. ಹಿಂದೆ ನಿಂತವರ ಮುಖಗಳೂ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಬಾಯಲ್ಲಿ ತಪ್ಪಾಯ್ತು, ಮೈಯೆಲ್ಲ ಸಂಭ್ರಮ! ಅವರ ಕಣ್ಣು ನನ್ನ ಮೇಲೆ ಇರಲೇ ಇಲ್ಲ, ನನ್ನ ಹೆಗಲ ಮೇಲಿಂದ ಒಳಗೆ ನೋಡುತ್ತಿದ್ದವು.

ತಿರುಗಿದೆ. ನಡುಮನೆಯ ಬಾಗಿಲ ಚೌಕಟ್ಟು ಹಿಡಿದು ನೀಲಾ ನಿಂತಿದ್ದಳು. ಮನೆಯೊಳಗೆ ಹಗಲಾಗಿತ್ತು. ಮೂಲೆಯ ಜೇಡರ ಬಲೆ, ಮಿಷನ್ನಿನ ಸೂಜಿ, ಎಲ್ಲ ಕಾಣುತ್ತಿದ್ದವು. ಎರಡು ದಿನದಿಂದ ಅವಳು ನಿದ್ದೆ ಮಾಡಿರಲಿಲ್ಲ. ಹೊಸ ಮಾತ್ರೆಯ ಪ್ರಭಾವವಿರಬೇಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೆ. “ಅಯ್ಯೋ, ನಮ್ಮ ತಾಯಿ!” ಎಂದು ಹೊರಗೆ ಯಾರೋ ಉದ್ಗರಿಸಿದರು. ಕೈ ಮುಗಿದವರು ಮುಗಿದ ಹಾಗೇ ಹೊಸ್ತಿಲಿಗೆ ಹತ್ತಿರವಾದರು.

“ಅಕ್ಕಾ,” ಎಂದಳು ನೀಲಾ. ಒಂದೊಂದು ಮಾತನ್ನೂ ಎಳೆದು ಎಳೆದು ತಂದಳು. “ಇವರ ಮುಖ ನೋಡಿದ್ರೆ... ನಾನು ಜೋರಾಗಿ ಉರೀತಿದ್ದೀನಿ ಅಲ್ವಾ? ಹಾಗಿದ್ರೆ ಈಗಲೇ ಹೋಗೋಣ ನಡಿ, ಡಾಕ್ಟ್ರ ಹತ್ರ. ನಾಳೆ ಬೇಡ. ನಾಳೆ ಆದ್ರೆ... ನಾನು ಬರಲ್ಲ ಅಂತೀನಿ. ನನಗೆ ಏನೂ ಆಗಿಲ್ಲ ಅಂತೀನಿ. ನಿನ್ನ ಹೊಡೆದ್ರೂ ಹೊಡೀತೀನಿ.” ಪಂಚಾಕ್ಷರಪ್ಪ ಹೊಸ್ತಿಲ ಮೇಲೆ ಕಾಲಿಟ್ಟು, “ಮೊನ್ನೆ ತಾನೇ ಆಸ್ಪತ್ರೆಯಿಂದ ಬಂದಿದ್ದೀಯಲ್ಲ ಮಗಳೇ, ಕೊನೇ ಬಸ್ಸೂ ಹೊರಡೋ ಹೊತ್ತು, ಇವತ್ತೊಂದಿನ...” ಎಂದು ಶುರುಮಾಡಿದರು. ನೀಲಾ ಅವರತ್ತ ತಿರುಗಿದಳು. ಅವಳ ಮುಖದಲ್ಲಿ ಅಂಥ ಸಿಟ್ಟನ್ನು ಅವಳು ಹುಟ್ಟಿದಾಗಿನಿಂದ ನಾನು ನೋಡಿರಲಿಲ್ಲ. ಆ ಸಿಟ್ಟಿಗೂ ಮೈಯ ಬೆಳಕು ತಗ್ಗಲಿಲ್ಲ, ಅದು ರೋಗದ ಬೆಳಕು. ಆಗ ಹೇಳಿದಳು, “ಅಕ್ಕಾ, ಆ ಕರಿ ಕಂಬಳಿ ತಗೋ. ನನ್ನ ಮೇಲೆ ಹೊದಿಸು. ತಲೆ ಮೇಲಿಂದ, ಪೂರ್ತಿ. ಇವರಿಗೆ... ಒಂದು ಚೂರೂ ಸಿಗಬಾರದು.”

ಹೊದಿಸಿದೆ. ತಲೆಯಿಂದ ಕಾಲಿನವರೆಗೆ ಸುತ್ತಿ, ಸಂದಿ ಬಿಟ್ಟಲ್ಲೆಲ್ಲ ಸೀರೆಪಿನ್ನು ಚುಚ್ಚಿದೆ. ಬೀದಿಯ ಮುಖಗಳು ಒಂದೊಂದಾಗಿ ಆರಿದವು. ಯಾರೂ ದಾರಿ ಬಿಡಲಿಲ್ಲ, ನಾನು ಮೊಣಕೈಯಿಂದ ದಾರಿ ಮಾಡಿದೆ. ಕಂಬಳಿಯ ಒಳಗಿಂದ ಅವಳು ನನ್ನ ತೋಳನ್ನು ಹಿಡಿದಿದ್ದಳು, ಆ ಬೆರಳುಗಳು ನಡುಗಿ ನಡುಗಿ ನನ್ನ ಬಳೆಗಳು ಸದ್ದು ಮಾಡುತ್ತಿದ್ದವು. ಹಿಂದೆ ಯಾರೋ ಎಡವಿ ಬಿದ್ದು ಅಮ್ಮಾ ಅಂದರು. ನಮಗೂ ಒಂದು ಹೆಜ್ಜೆಯ ಮುಂದೆ ಏನೂ ಕಾಣುತ್ತಿರಲಿಲ್ಲ. “ಕಲ್ಲಿದೆ ಕಣೇ, ಕಾಲೆತ್ತಿ ಇಡು,” ಎಂದು ಹೇಳುತ್ತ, ನಾನೂ ಎಡವುತ್ತ, ಬಸ್ಸಿನ ಕಡೆ ನಡೆದೆವು.